ವಧುವಿನ ಒಂಟೆಯ ಜೂಲು

ಮಧ್ಯ ಏಷ್ಯದ ತುರ್ಕಮನ್ ಅಲೆಮಾರಿಗಳಲ್ಲಿ ನೇಯ್ಗೆಯು ಸ್ತ್ರೀಯರ ವಿದ್ಯೆಯಾಗಿತ್ತು. ಮದುವೆಯ ದಿಬ್ಬಣದಲ್ಲಿ ವಧುವನ್ನು ಹೊತ್ತ ಒಂಟೆಯ ಇಕ್ಕೆಲಗಳಲ್ಲಿ ಇಳಿಬಿಡುತ್ತಿದ್ದ ಐದು ಮೂಲೆಯ ಜೂಲಿಗೆ ‘ಅಸ್ಮಲಿಕ್’ ಎಂದು ಹೆಸರು. ಅದನ್ನು ಜೋಡಿಯಾಗಿಯೇ ನೇಯುತ್ತಿದ್ದರು. 1881ರಲ್ಲಿ ಗ್ಯೋಕ್ ತೆಪೆ ಕೋಟೆಯು ರಷ್ಯನ್ನರ ವಶವಾಗಿ ಅವರ ಆಳ್ವಿಕೆ ನೆಲೆಗೊಂಡ ತರುವಾಯ ಇಂತಹ ಮನೆಬಳಕೆಯ ನೇಯ್ಗೆಗಳು ಪೇಟೆಗೆ ಹರಿದುಬಂದವು. ಇಂದು ಪಾಶ್ಚಾತ್ಯ ಹರಾಜುಗಳಲ್ಲಿ ಅಸ್ಮಲಿಕ್‌ಗಳು ಬಹುಮಟ್ಟಿಗೆ ಬಿಡಿಯಾಗಿಯೇ ಕಾಣುತ್ತವೆ. ಜೋಡಿ ದೊರೆಯುವುದು ವಿರಳ.

ಬಲ್ಲ ಸಂಗ್ರಾಹಕನು ಚೆಲುವಿಗೆ ಮರುಳಾಗದೆ ಮೊದಲು ಹಿಂಬದಿಯನ್ನು ತಿರುವಿ ಗಂಟಿನ ರೀತಿಯನ್ನು ನೋಡುತ್ತಾನೆ, ಬಳಿಕ ಬಣ್ಣವನ್ನು. ಮಂಜಿಷ್ಠ ಜಾತಿಯ ಬೇರಿನ ಕೆಂಪು ಕಾಲಕ್ರಮದಲ್ಲಿ ಮಾಗುತ್ತದೆ. 1856ರಲ್ಲಿ ಪರ್ಕಿನ್ನನ ಶೋಧದಿಂದ ಮೊದಲಾದ ಕೃತಕ ವರ್ಣಗಳಲ್ಲಿ ಆರಂಭದ ಹಲವು ಬಿಸಿಲಿಗೆ ಮಾಸುತ್ತವೆ, ನೀರಿಗೆ ಹರಡುತ್ತವೆ. ಆದುದರಿಂದ ಬಣ್ಣವೇ ಕಾಲಕ್ಕೆ ಸಾಕ್ಷಿ.

ಹರಾಜಿನ ಪಟ್ಟಿಯಲ್ಲಿ ಪಂಗಡ, ಅಳತೆ, ಅಂದಾಜು ಬೆಲೆಗಳೆಲ್ಲ ಉಂಟು. ನೇಯ್ದವಳ ಹೆಸರಿನ ಸ್ಥಾನ ಮಾತ್ರ ಬರಿದು.