ಬಲವೂ ನ್ಯಾಯವೂ

ನಮ್ಮ ಹಳ್ಳಿಗಳಲ್ಲಿ ಗದ್ದೆಯ ಬದು, ಕಾಲುವೆಯ ನೀರು, ಕೊಟ್ಟ ಸಾಲ ಇವುಗಳ ವಿಷಯವಾಗಿ ವ್ಯಾಜ್ಯ ಹುಟ್ಟಿದಾಗ ಬಡವನು ಮೊದಲು ಹುಡುಕುವದು ಯಾರನ್ನು? ನ್ಯಾಯ ಬಲ್ಲವನನ್ನಲ್ಲ, ಬಲವುಳ್ಳವನನ್ನೇ. ದೊಡ್ಡವರು ಒಂದು ಮಾತು ಹೇಳಿದರೆ ತನ್ನ ಕೆಲಸವಾದೀತೆಂದು ಅವನು ನಂಬುತ್ತಾನೆ. ಬಲವುಳ್ಳವನು ದುಷ್ಟನಾದರೆ ಅನ್ಯಾಯವಾಗುವದೆಂದು ನಾವೆಲ್ಲರೂ ಬಲ್ಲೆವು. ಅಹಾಬನು ನಾಬೋತನ ದ್ರಾಕ್ಷೇತೋಟವನ್ನು ಕಸಕೊಂಡ ಸಂಗತಿಯನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಆದರೆ ಬಲವುಳ್ಳವನು ಒಳ್ಳೇ ಮನಸ್ಸಿನಿಂದ ಬಡವನ ಪಕ್ಷವನ್ನು ಹಿಡಿದರೆ ನ್ಯಾಯವು ತಪ್ಪದೆ ನಡೆಯುವದೋ? ಇದಕ್ಕೆ ಉತ್ತರವನ್ನು ಪ್ರಷ್ಯ ರಾಜ್ಯದ ಒಂದು ಚರಿತ್ರೆಯಿಂದ ಕಲಿಯೋಣ.

1. ವ್ಯಾಜ್ಯದ ಸಂಗತಿ

ಎರಡನೆಯ ಫ್ರೆಡರಿಕ್ ಅರಸನು ಪ್ರಷ್ಯವನ್ನು 1740ರಿಂದ 1786ರ ವರೆಗೆ ಆಳಿದನು. ಅವನ ಕಾಲದಲ್ಲಿ ಪೊಮ್ಮೆರ್‌ತ್ಸಿಗ್ ಎಂಬ ಹಳ್ಳಿಯಲ್ಲಿ ಆರ್ನಾಲ್ಡ್ ಎಂಬವನೊಬ್ಬನು ಹಳ್ಳದ ನೀರಿನಿಂದ ತಿರುಗುವ ಬೀಸುವ ಗಿರಣಿಯನ್ನು ನಡಿಸಿಕೊಂಡು, ಧಣಿಯಾದ ಷ್ಮೆಟ್ಟೌ ಎಂಬ ಪ್ರಭುವಿಗೆ ಗೇಣಿ ಸಲ್ಲಿಸುತ್ತಿದ್ದನು. 1770ರಲ್ಲಿ ಹಳ್ಳದ ಮೇಲ್ಗಡೆಯ ಜಮೀನುದಾರನಾದ ಗೆರ್ಸ್‌ಡೋರ್ಫ್ ಎಂಬವನು ಮೀನು ಸಾಕುವದಕ್ಕೆ ಕೆರೆಗಳನ್ನು ಮಾಡಿಸಿದನು. ಆಗ ಆರ್ನಾಲ್ಡನು, ನೀರು ಕಡಿಮೆಯಾಯಿತು, ಗಿರಣಿ ತಿರುಗುವದಿಲ್ಲ, ಗೇಣಿ ಕೊಡಲಾರೆನು ಎಂದು ಹೇಳಿ ಗೇಣಿಯನ್ನು ನಿಲ್ಲಿಸಿಬಿಟ್ಟನು. ಧಣಿಯು ನ್ಯಾಯಸ್ಥಾನಕ್ಕೆ ಹೋದನು. 1778ರಲ್ಲಿ ಗಿರಣಿಯು ಹರಾಜಾಯಿತು.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ನೀರನ್ನು ತಡೆದವನು ಒಬ್ಬನು, ಗೇಣಿ ಬರಬೇಕಾದವನು ಇನ್ನೊಬ್ಬನು. ಇದಲ್ಲದೆ ಕೆರೆಗಳಿಗೂ ಆರ್ನಾಲ್ಡನ ಗಿರಣಿಗೂ ನಡುವೆ ಅದೇ ಹಳ್ಳದ ಮೇಲೆ ಇದ್ದ ಬೇರೊಂದು ಗಿರಣಿಯು ಎಂದಿನಂತೆ ತಿರುಗುತ್ತಿತ್ತು. ಆದಕಾರಣ ನ್ಯಾಯಾಧಿಪತಿಗಳು ಅವನ ದೂರನ್ನು ಒಪ್ಪಲಿಲ್ಲ.

2. ಅರಸನ ಕೋಪ

ಆರ್ನಾಲ್ಡನೂ ಅವನ ಹೆಂಡತಿಯೂ ಅರಸನಿಗೆ ಅರ್ಜಿಯ ಮೇಲೆ ಅರ್ಜಿಯನ್ನು ಕೊಟ್ಟರು. ಅರಸನಿಗೆ ಬಡವರ ಮೇಲೆ ಕನಿಕರವಿತ್ತು. ಪ್ರಭುಗಳೂ ನ್ಯಾಯಾಧಿಪತಿಗಳೂ ಒಂದಾಗಿ ಈ ಬಡವನನ್ನು ತುಳಿದರೆಂದು ಅವನು ತಿಳಿದನು. ಬರ್ಲಿನಿನ ಮೇಲಿನ ನ್ಯಾಯಸ್ಥಾನವೂ ಕೆಳಗಿನ ತೀರ್ಪನ್ನೇ ಸ್ಥಿರಪಡಿಸಿದಾಗ ಅವನ ಕೋಪವು ಉರಿಯಿತು. 1779ನೇ ಡಿಸೆಂಬರ್ 11ರಂದು ನ್ಯಾಯಮಂತ್ರಿಯಾದ ಫ್ಯುರ್ಸ್ಟ್ ಎಂಬವನನ್ನೂ ನ್ಯಾಯಾಧಿಪತಿಗಳನ್ನೂ ಕರಿಸಿ, ಮಂತ್ರಿಯನ್ನು ಕೆಲಸದಿಂದ ತೆಗೆದುಹಾಕಿ, ನ್ಯಾಯಾಧಿಪತಿಗಳನ್ನು ಸೆರೆಗೆ ಕಳುಹಿಸಿದನು. ನ್ಯಾಯದ ಮುಂದೆ ಅರಸನೂ ಭಿಕ್ಷುಕನೂ ಸಮಾನರೆಂದು ಪತ್ರಿಕೆಗಳಲ್ಲಿ ಪ್ರಕಟಿಸಿದನು. ಮಾತು ಒಳ್ಳೇದೇ, ಆದರೆ ಆ ಮಾತಿನ ಹೆಸರಿನಲ್ಲಿ ಮಾಡಿದ ಕಾರ್ಯವೋ?

ಸೆರೆಯವರ ತಪ್ಪನ್ನು ವಿಚಾರಿಸಿದ ನ್ಯಾಯಸ್ಥಾನವು ಅವರಲ್ಲಿ ಅಪರಾಧವನ್ನು ಕಾಣಲಿಲ್ಲ. ಅವರಿಗೆ ಶಿಕ್ಷೆಯನ್ನು ವಿಧಿಸಬೇಕೆಂದು ಅರಸನು ತ್ಸೆಡ್ಲಿತ್ಸ್ ಎಂಬ ಮಂತ್ರಿಗೆ ಅಪ್ಪಣೆ ಕೊಡಲು, ಅವನು ವಿನಯದಿಂದಲೇ ಆದರೂ ಸ್ಪಷ್ಟವಾಗಿ ನಿರಾಕರಿಸಿದನು. ಆಗ ಅರಸನು ತಾನೇ ತೀರ್ಪು ಬರೆದು, ಅವರಲ್ಲಿ ಹಲವರನ್ನು ಕೆಲಸದಿಂದ ತಳ್ಳಿ, ಒಂದು ವರುಷದ ಕೋಟೆಯ ಸೆರೆಯನ್ನು ವಿಧಿಸಿ, ಆರ್ನಾಲ್ಡನ ನಷ್ಟವನ್ನು ಅವರೇ ತುಂಬಬೇಕೆಂದು ಆಜ್ಞಾಪಿಸಿದನು.

3. ಮುಂದೆ ಆದದ್ದು

1786ರಲ್ಲಿ ಅರಸನು ತೀರಿಹೋದನು. ಹೊಸ ಅರಸನು ಆ ನ್ಯಾಯಾಧಿಪತಿಗಳನ್ನು ನಿರಪರಾಧಿಗಳೆಂದು ಸಾರಿ ಅವರ ಮಾನವನ್ನು ತಿರಿಗಿ ಸ್ಥಾಪಿಸಿದನು. 1791ರಲ್ಲಿ ಸಿದ್ಧವಾದ ಕಾನೂನು ಗ್ರಂಥದಲ್ಲಿ, ಅರಸನು ತನ್ನ ಅಪ್ಪಣೆಯಿಂದ ವ್ಯಾಜ್ಯವನ್ನು ತೀರಿಸಕೂಡದೆಂಬ ಮಾತನ್ನು ಪಂಡಿತರು ಬರೆದಿದ್ದರು. ಆದರೆ 1794ರಲ್ಲಿ ಆ ಕಾನೂನು ಜಾರಿಗೆ ಬಂದಾಗ ಅದೇ ಮಾತನ್ನು ತೆಗೆದುಬಿಟ್ಟಿದ್ದರು! ಬಲವು ತನ್ನ ಕೈಯಿಂದ ಕಡಿವಾಣವನ್ನು ಸುಲಭವಾಗಿ ಬಿಡದು. 1850ರ ಪ್ರಷ್ಯ ರಾಜ್ಯಾಂಗದಲ್ಲಿ ನ್ಯಾಯಸ್ಥಾನಗಳು ಕಾನೂನಿಗೆ ಮಾತ್ರ ಅಧೀನವೆಂದು ಬರೆಯಲ್ಪಟ್ಟಿತು.

4. ನಾವು ಕಲಿಯತಕ್ಕದ್ದು

ಒಂದನೆಯದು: ಕನಿಕರವು ಒಳ್ಳೇ ಗುಣವೇ, ಆದರೆ ವಿಚಾರಣೆಯಿಲ್ಲದ ಕನಿಕರವು ಮತ್ತೊಬ್ಬನ ಮೇಲೆ ಅನ್ಯಾಯವಾಗುವದು. ಮೋಶೆಯ ನ್ಯಾಯಪ್ರಮಾಣವು ತೀರ್ಪಿನಲ್ಲಿ ದೊಡ್ಡವನ ಮುಖವನ್ನು ನೋಡಬಾರದೆಂದು ಹೇಳುವದಲ್ಲದೆ, ಬಡವನ ಮುಖವನ್ನೂ ನೋಡಬಾರದೆಂದು ಹೇಳುತ್ತದೆ. ನಾವು ಬಡವರಾದ ಕಾರಣ ಈ ಎರಡನೆಯ ಮಾತನ್ನು ಮರೆಯುವದು ಸುಲಭ.

ಎರಡನೆಯದು: ಬಲವಿಲ್ಲದ ನ್ಯಾಯವು ಕಾಗದದ ಮೇಲಿನ ಬರಹ ಮಾತ್ರ, ತೀರ್ಪನ್ನು ನಡಿಸುವದಕ್ಕೆ ಅಧಿಕಾರ ಬೇಕು. ಆದರೆ ನಡಿಸುವ ಕೈಯೇ ತೂಗುವ ಕೈಯಾಗಬಾರದು. ಭಾರತದ ಸಂವಿಧಾನದ 50ನೇ ಅನುಚ್ಛೇದವು ಆಡಳಿತವನ್ನೂ ನ್ಯಾಯವಿಚಾರಣೆಯನ್ನೂ ಬೇರೆ ಬೇರೆಯಾಗಿ ಇಡಬೇಕೆಂದು ಹೇಳುವದು ಈ ಕಾರಣದಿಂದಲೇ.

ಮೂರನೆಯದು: ಬಡವನು ದೊಡ್ಡವರ ಬಾಗಲಲ್ಲಿ ನಿಂತು ಬೇಡುವ ಅವಶ್ಯವಿರಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಲ್ಪ ವರಮಾನದವರಿಗೂ ಖರ್ಚಿಲ್ಲದೆ ವಕೀಲರ ಸಹಾಯವು ದೊರಕುತ್ತದೆ. ತಾಲೂಕು ನ್ಯಾಯಾಲಯದಲ್ಲಿ ವಿಚಾರಿಸಬಹುದು. ಇದು ದಯೆಯಲ್ಲ, ಹಕ್ಕು.

ನಾಲ್ಕನೆಯದು: ನಮ್ಮೊಳಗೂ ಸಣ್ಣ ಅರಸರಿದ್ದಾರೆ. ತಂದೆಯು ಮಕ್ಕಳ ಮೇಲೆ, ಉಪದೇಶಕನು ಶಾಲೆಯಲ್ಲಿ, ಹಿರಿಯರು ಸಭೆಯಲ್ಲಿ ಬಲವುಳ್ಳವರು. ಒಬ್ಬನ ಕಣ್ಣೀರನ್ನು ಕಂಡೊಡನೆ ಇನ್ನೊಬ್ಬನ ಮಾತನ್ನು ಕೇಳದೆ ನಾವು ತೀರ್ಪು ಹೇಳಿದ್ದುಂಟಲ್ಲವೇ?

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಅಹಾಬನಿಗೂ ಫ್ರೆಡರಿಕನಿಗೂ ಇರುವ ವ್ಯತ್ಯಾಸವೇನು? ಇಬ್ಬರಲ್ಲಿಯೂ ಇದ್ದ ಒಂದೇ ತಪ್ಪು ಯಾವದು?
2. ಆರ್ನಾಲ್ಡನು ತನ್ನ ದೂರನ್ನು ಯಾರ ಮೇಲೆ ತರಬೇಕಾಗಿತ್ತು?
3. ಅರಸನಿಗೆ ಇಲ್ಲವೆಂದ ತ್ಸೆಡ್ಲಿತ್ಸನ ಸ್ಥಾನದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?