ರ‍್ಯಾಮ್ ಕೊಳ್ಳುವ ಮೊದಲು ಬೋರ್ಡ್ ನೋಡಿ

ಪಿಸಿ ಕಟ್ಟುವಾಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆ ತಲೆ ಕೆಡಿಸಿಕೊಳ್ತೇವೆ, ರ‍್ಯಾಮ್ ಮಾತ್ರ ಆಫರ್ ನೋಡಿ ತಗೊಳ್ತೇವೆ. ಸುಳ್ಯದಲ್ಲೋ ಕಡಬದಲ್ಲೋ ಕೂತು ಆನ್‌ಲೈನ್‌ನಲ್ಲಿ ತರಿಸಿದ್ದು ಹೊಂದದಿದ್ದರೆ ಮತ್ತೆ ಪುತ್ತೂರು, ಮಂಗಳೂರು ಅಂತ ಬಸ್ ಹತ್ತಬೇಕು. ಮನೆಯಲ್ಲಿ ಅಡಿಕೆ ಮಾರಿ ಕೊಟ್ಟ ದುಡ್ಡು ಮಾರಾಯ್ರೆ, ಸ್ವಲ್ಪ ನೋಡಿಯೇ ತೆಗೆಯುವ.

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಉಂಟು. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂಡಿಯ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡ್ ಸಿಗುತ್ತವೆ, ಮಾಡೆಲ್ ಹೆಸರು ಪೂರ್ತಿ ಓದಿ.

ನಾಲ್ಕು ಸ್ಲಾಟ್ ಉಂಟು, ಈಗ ಎರಡು ಹಾಕಿ ಮತ್ತೆ ಎರಡು ಸೇರಿಸುವ ಅಂತ ಲೆಕ್ಕ ಹಾಕಬೇಡಿ. ರೈಜನ್ 7000ಕ್ಕೆ ಎಎಂಡಿ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ ಬರೀ 3600. ಮುಂದೆ 64 ಜಿಬಿ ಬೇಕಾಗುತ್ತದೆ ಅನ್ನಿಸಿದರೆ ಈಗಲೇ 32ರ ಜೋಡಿ ತಗೊಳ್ಳಿ. ಸಾಮಾನ್ಯವಾಗಿ ಅವನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು. ಬಯೋಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಬಾಕ್ಸಿನ ಮೇಲಿನ ವೇಗ ಬರುವುದಿಲ್ಲ.

ಯಾವ ರ‍್ಯಾಮ್ ಹಾಕಿ ಪರೀಕ್ಷಿಸಿದ್ದೇವೆ ಎಂಬ ಪಟ್ಟಿ ಬೋರ್ಡ್ ಕಂಪನಿಯ ಸೈಟಿನಲ್ಲೇ ಇರುತ್ತದೆ, ಅದರ ಹೆಸರು ಕ್ಯೂವಿಎಲ್. ಆರ್ಡರ್ ಒತ್ತುವ ಮೊದಲು ನಿಮ್ಮ ರ‍್ಯಾಮಿನ ಪಾರ್ಟ್ ನಂಬರ್ ಅದರಲ್ಲಿ ಉಂಟಾ ನೋಡಿ. ಐದು ನಿಮಿಷದ ಕೆಲಸ ಅಷ್ಟೆ.