ಮುಟ್ಟಿದರೆ ಬರುವ ರೋಗವಲ್ಲ

ದೀಪಾವಳಿಗೆ ಇನ್ನು ನಾಲ್ಕು ದಿನ ಇತ್ತು. ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರಲಿಲ್ಲ. ಮರುದಿನವೂ ಬರಲಿಲ್ಲ. ದಿನಾ ಎಲ್ಲರಿಗಿಂತ ಮೊದಲು ಬಂದು, ಪಾಟಿ ಹಿಡಿದು ಕೂಡುವ ಅಕ್ಕ ಅವರು. ಏನಾಯಿತು ಅಂತ ನಾವು ಮನೆಗೇ ಹೋದೆವು.

ಅಕ್ಕ ಹೊರಗೆ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಕೈ ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಒಳಗೆ ಎಲ್ಲರೂ ಹಬ್ಬದ ಕೆಲಸದಲ್ಲಿ ಇದ್ದರು.

"ಯಾಕ್ರಿ ಅಕ್ಕಾ, ಬರಲಿಲ್ಲ?" ಎಂದು ಕೇಳಿದೆವು.

"ಹ್ಯಾಂಗ ಬರ್ಲಿರಿ ಟೀಚರ್? ನನ್ನ ಕೈ ನೋಡ್ರಿ. ಹೋಳಗಿ ಹಿಟ್ಟು ಮುಟ್ಟಬ್ಯಾಡ ಅಂದಾರ ನಮ್ಮ ಅತ್ತಿ. ಪಾಟಿ ಮುಟ್ಟಿದ್ರ ನಿಮಗೂ ಬಂದೀತು."

ಅವರ ಮೊಣಕೈ ಮೇಲೆ ಕೆಂಪು ಕಲೆ ಇದ್ದವು. ಕಲೆಯ ಮೇಲೆ ಮೀನಿನ ಹುರುಪೆಯಂಥ ಬಿಳಿ ಹೊಟ್ಟು. ಅಂಗೈ ಸೀಳಿ ರಕ್ತ ಜಿನುಗುತ್ತಿತ್ತು. ಹಬ್ಬ ಬಂತೆಂದು ಅವರು ಎರಡು ದಿನ ಕೌದಿ ಒಗೆದಿದ್ದರು. ಮೂರನೆಯ ದಿನ ಗೋಡೆಗೆ ಸುಣ್ಣ ಹಚ್ಚಿದ್ದರು.

ನಾವು ಅಕ್ಕನನ್ನೂ ಅತ್ತೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬರಿಗೈಯಿಂದಲೇ ಅಕ್ಕನ ಕೈ ಹಿಡಿದು ನೋಡಿದರು. ಅತ್ತೆ ಅದನ್ನೇ ನೋಡುತ್ತಿದ್ದರು.

"ಇದು ಸೋರಿಯಾಸಿಸ್. ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ" ಎಂದರು ಡಾಕ್ಟರು.

ಇದು ಎಂಥ ರೋಗ?

ರೋಗದ ಹುಳುಗಳ ಜೊತೆ ಹೋರಾಡುವ ಶಕ್ತಿ ನಮ್ಮ ದೇಹದಲ್ಲಿ ಇದೆ. ಈ ರೋಗದಲ್ಲಿ ಆ ಶಕ್ತಿ ದಾರಿ ತಪ್ಪುತ್ತದೆ. ನಮ್ಮ ಚರ್ಮದ ಮೇಲೇ ತಿರುಗಿ ಬೀಳುತ್ತದೆ. ಹಳೆ ಚರ್ಮ ಹೋಗಿ ಹೊಸ ಚರ್ಮ ಬರಲು ಸುಮಾರು ಒಂದು ತಿಂಗಳು ಬೇಕು. ಈ ರೋಗದಲ್ಲಿ ಕೆಲವೇ ದಿನದಲ್ಲಿ ಬರುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಪದರು ಪದರಾಗಿ ಕೂಡುತ್ತದೆ. ಅದೇ ಬಿಳಿ ಹೊಟ್ಟು.

ಕಜ್ಜಿ ಹರಡುತ್ತದೆ. ಇದು ಹರಡುವುದಿಲ್ಲ. ಕೂಡಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಇದು ಪಾಪದ ಫಲ ಅಲ್ಲ. ದೇವರ ಸಿಟ್ಟೂ ಅಲ್ಲ. ಇದು ಹರಡದ ರೋಗ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ 2014ರಲ್ಲಿ ಎಲ್ಲ ದೇಶಗಳಿಗೂ ಹೇಳಿತು. ಪ್ರತಿ ವರ್ಷ ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ.

ಇದು ಪೂರ್ತಿ ಹೋಗುವ ರೋಗವಲ್ಲ. ಆದರೆ ಬಿ.ಪಿ., ಸಕ್ಕರೆ ಕಾಯಿಲೆಯ ಹಾಗೆ ಹತೋಟಿಯಲ್ಲಿ ಇಡಬಹುದು.

ಹಬ್ಬದಲ್ಲಿ ಯಾಕೆ ಹೆಚ್ಚಾಗುತ್ತದೆ?

ದೀಪಾವಳಿ, ಎಳ್ಳಮಾವಾಸ್ಯೆ, ಸಂಕ್ರಾಂತಿ. ಮೂರೂ ಚಳಿಯ ಕಡೆಗೆ ಬರುವ ಹಬ್ಬಗಳು. ಒಣ ಗಾಳಿಗೆ ಚರ್ಮ ಒಣಗುತ್ತದೆ. ಆಗಲೇ ಕೆಲಸವೂ ಹೆಚ್ಚು. ನಿದ್ದೆ ಕಡಿಮೆ. ಸಾಲದ ಚಿಂತೆ ಬೇರೆ. ಚಿಂತೆಯಿಂದಲೂ ಈ ರೋಗ ಕೆರಳುತ್ತದೆ.

ನಮ್ಮ ಭಾಗದ ಕೆಲಸವೂ ಹಾಗೇ ಇದೆ. ವಾಡಿ, ಸೇಡಂ ಕಡೆ ಸಿಮೆಂಟ್. ಶಹಾಬಾದ, ಚಿತ್ತಾಪುರದ ಕಡೆ ಕಲ್ಲಿನ ಗಣಿ. ಚಿಂಚೋಳಿ ಕಡೆ ತೊಗರಿ. ಸಿಮೆಂಟ್, ಸುಣ್ಣ ಚರ್ಮವನ್ನು ಸುಡುತ್ತವೆ. ಕಲ್ಲು ತಾಗಿ, ತೊಗರಿ ಕಟ್ಟಿಗೆ ಪರಚಿ ಗಾಯ ಆಗುತ್ತದೆ. ಗಾಯ ಆದ ಜಾಗದಲ್ಲಿ ಹೊಸ ಕಲೆ ಏಳಬಹುದು.

ನಾವು ಏನು ಮಾಡಬೇಕು?

1. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಿ. ಆದರೆ ಸುಡುವ ನೀರು ಬೇಡ. ಉಗುರು ಬೆಚ್ಚಗಿನ ನೀರು ಸಾಕು. ಹೊಟ್ಟನ್ನು ಕಲ್ಲಿನಿಂದ ತಿಕ್ಕಬೇಡಿ. ಬಟ್ಟೆ ಸಾಬೂನು ಮೈಗೆ ಹಚ್ಚಬೇಡಿ.

2. ಮೈ ಒರೆಸಿದ ಕೂಡಲೇ, ಹಸಿ ಇರುವಾಗಲೇ, ವ್ಯಾಸಲೀನ್ ಇಲ್ಲವೆ ಕೊಬ್ಬರಿ ಎಣ್ಣೆ ಹಚ್ಚಿ. ದಿನಕ್ಕೆ ಎರಡು ಸಲ ಹಚ್ಚಿದರೆ ಒಳ್ಳೆಯದು.

3. ಸಂಕ್ರಾಂತಿಗೆ ಎಳ್ಳು ಅರೆದು ಹಚ್ಚಿಕೊಂಡು ಕಾಗಿಣಾ ಹೊಳೆಗೆ ಹೋಗುತ್ತೇವೆ. ಕಲೆ ಇರುವ ಜಾಗದಲ್ಲಿ ಎಳ್ಳು ತಿಕ್ಕಬೇಡಿ. ಮೆಲ್ಲಗೆ ಎಣ್ಣೆ ಸವರಿ.

4. ಸುಣ್ಣ, ಸಿಮೆಂಟ್ ಕೆಲಸಕ್ಕೆ ರಬ್ಬರ್ ಗ್ಲೌಸ್ ಹಾಕಿ. ಅಂಗೈ ಸೀಳಿದ್ದರೆ ಕೌದಿ ಒಗೆಯುವುದನ್ನು ಮನೆಯವರು ಹಂಚಿಕೊಳ್ಳಲಿ.

5. ಎಳೆ ಬಿಸಿಲು ಸ್ವಲ್ಪ ಹೊತ್ತು ಬೀಳಲಿ. ಮೈ ಸುಡುವ ಬಿಸಿಲು ಬೇಡ.

6. ಹಬ್ಬದ ನೆಪದಲ್ಲಿ ಸೆರೆ ಕುಡಿಯಬೇಡಿ. ಬೀಡಿ ಬಿಡಿ. ಇವೆರಡೂ ರೋಗವನ್ನು ಹೆಚ್ಚು ಮಾಡುತ್ತವೆ.

7. ಊರಿಗೆ, ಜಾತ್ರೆಗೆ ಹೊರಟರೆ ಮುಲಾಮು ಚೀಲದಲ್ಲಿ ಇರಲಿ. ಡಾಕ್ಟರು ಹೇಳದೆ ಔಷಧ ನಿಲ್ಲಿಸಬೇಡಿ.

ಅಂಗಡಿ ಮುಲಾಮಿನ ಮೋಸ

ನಮ್ಮ ಅಕ್ಕ ಒಂದು ವರ್ಷ ಅಂಗಡಿಯಿಂದ ತಾವೇ ಮುಲಾಮು ತಂದು ಹಚ್ಚುತ್ತಿದ್ದರು. ಹಚ್ಚಿದರೆ ಎರಡು ದಿನದಲ್ಲಿ ಕಡಿಮೆ. ಬಿಟ್ಟರೆ ಮತ್ತೆ ಜೋರು. ಅದರಲ್ಲಿ ಸ್ಟಿರಾಯ್ಡ್ ಎಂಬ ಔಷಧ ಇತ್ತು. ಡಾಕ್ಟರು ಅಳತೆ ಹೇಳಿ ಕೊಟ್ಟರೆ ಅದು ಒಳ್ಳೆಯ ಔಷಧವೇ. ನಮ್ಮ ಮನಸ್ಸಿಗೆ ಬಂದಷ್ಟು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಸ್ಟಿರಾಯ್ಡ್ ಗುಳಿಗೆ, ಸೂಜಿ ಒಮ್ಮೆಗೇ ನಿಲ್ಲಿಸಿದರೆ ರೋಗ ಮೈತುಂಬಾ ಏಳಬಹುದು. ಡಾಕ್ಟರ ಚೀಟಿ ಇಲ್ಲದೆ ಇಂಥ ಹಲವು ಮುಲಾಮು ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಮಾಡಿತು.

ತಡ ಮಾಡಬಾರದು

ಮೈ ಎಲ್ಲ ಕೆಂಪಾಗಿ ಚಳಿ-ಜ್ವರ ಬಂದರೆ, ಕೀವಿನ ಗುಳ್ಳೆ ಎದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಹಬ್ಬ ಮುಗಿಯಲಿ ಎನ್ನಬೇಡಿ. ಬೆಳಿಗ್ಗೆ ಬೆರಳ ಕೀಲು ಬಾತು ಬಿಗಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ಚರ್ಮದ ಡಾಕ್ಟರು ಬೇಕಾದರೆ ಎಲ್ಲಿಗೆ ಹೋಗಬೇಕು ಎಂದು ಅಲ್ಲೇ ಕೇಳಿ.

ಇನ್ನೊಂದು ಮಾತು. ಕಲೆಯ ಮೇಲೆ ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠ ಇರಬಹುದು. ಹೆದರಬೇಡಿ, ಮುಚ್ಚಿಡಬೇಡಿ. ಅದು ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ.

ಎಳ್ಳಮಾವಾಸ್ಯೆಯ ದಿನ

ಆ ಅಕ್ಕನ ಮನೆಯವರು ಎಳ್ಳಮಾವಾಸ್ಯೆಗೆ ನಮ್ಮನ್ನು ಹೊಲಕ್ಕೆ ಕರೆದರು. ಅಕ್ಕನ ಅಂಗೈ ಮಾಗಿತ್ತು. ಮೊಣಕೈ ಮೇಲಿನ ಕಲೆ ಇನ್ನೂ ಇತ್ತು. ಚರಗ ಚೆಲ್ಲಿ ಬಂದು ಎಲ್ಲರೂ ಸಾಲಾಗಿ ಕೂತೆವು. ಅತ್ತೆ ಬುತ್ತಿ ಬಿಚ್ಚಿದರು.

"ಉಣ್ರಿ ಟೀಚರ್. ರೊಟ್ಟಿ ನಮ್ಮ ಸೊಸಿನೇ ಬಡದಾಳ" ಎಂದರು. ಮೊದಲ ತುತ್ತು ತಾವೇ ಮುರಿದರು.

ಸಜ್ಜೆ ರೊಟ್ಟಿ, ಭಜ್ಜಿ ಬಾಳ ರುಚಿ ಇತ್ತು.

ಓದಿ, ಉತ್ತರ ಹೇಳಿ

1. ಅಕ್ಕನ ಕೈ ಹಬ್ಬದ ಮುಂಚೆ ಯಾಕೆ ಸೀಳಿತು?
2. ಅತ್ತೆಯ ಹೆದರಿಕೆ ಹೇಗೆ ಹೋಯಿತು?
3. ಸ್ನಾನ ಆದ ಕೂಡಲೇ ಏನು ಹಚ್ಚಬೇಕು?
4. ನಿಮ್ಮ ಓಣಿಯಲ್ಲಿ ಇಂಥವರನ್ನು ಯಾರಾದರೂ ದೂರ ಇಟ್ಟಿದ್ದಾರೆಯೇ? ನೀವು ಅವರಿಗೆ ಏನು ಹೇಳುತ್ತೀರಿ?

ಓದಿ, ಬರೆಯಿರಿ

ಚರ್ಮ, ಹೊಟ್ಟು, ಸುಣ್ಣ, ಮುಲಾಮು, ಹತೋಟಿ, ಚೀಟಿ